‘ನಮ್ಮ ಮಕ್ಕಳ ಸೀಟು’ ಅನ್ನುವ ಮಾತಿನ ಬಗ್ಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ವರ್ಜೀನಿಯಾದಲ್ಲಿ, ಆಯ್ದ ಮಕ್ಕಳಿಗಷ್ಟೇ ಸೀಟು ಸಿಗುವ ಥಾಮಸ್ ಜೆಫರ್ಸನ್ ಎಂಬ ಸರ್ಕಾರಿ ಹೈಸ್ಕೂಲಿನ ಬಗ್ಗೆ ಎರಡು ದಿನದಿಂದ ನೀವೆಲ್ಲ ಬರೆದದ್ದನ್ನು ಓದುತ್ತಿದ್ದೇನೆ. ‘ಸಮಾನತೆ ಅಂತ ಹೇಳಿ ನಮ್ಮ ಮಕ್ಕಳ ಸೀಟು ಕಿತ್ತುಕೊಂಡರು’ ಅನ್ನುವ ಸಿಟ್ಟೇ ಜಾಸ್ತಿ ಕಾಣುತ್ತಿದೆ. ನನಗೆ ಹಾಗನ್ನಿಸುವುದಿಲ್ಲ.

ಹೊಸದಾಗಿ ಬಂದವರಿಗಾಗಿ ಹಿನ್ನೆಲೆ ಹೇಳಿಬಿಡುತ್ತೇನೆ. 2020ರವರೆಗೆ ಅಲ್ಲಿಗೆ ಸೇರಲು ಪರೀಕ್ಷೆ ಇತ್ತು, ಅರ್ಜಿಗೆ 100 ಡಾಲರ್ ಶುಲ್ಕವೂ ಇತ್ತು. ಆ ವರ್ಷ ಎರಡನ್ನೂ ತೆಗೆದರು. ಪ್ರತಿ ಮಿಡಲ್ ಸ್ಕೂಲಿನ ಎಂಟನೇ ತರಗತಿಯ ಶೇ. 1.5ರಷ್ಟು ಮಕ್ಕಳಿಗೆ ಸೀಟು ಮೀಸಲಿಟ್ಟರು. ಮೊದಲ ವರ್ಷವೇ ಏಷ್ಯನ್ ಮಕ್ಕಳ (ನಮ್ಮ ಭಾರತೀಯ ಮಕ್ಕಳೂ ಇದರಲ್ಲೇ ಸೇರುತ್ತಾರೆ) ಪಾಲು ಸುಮಾರು ಶೇ. 73ರಿಂದ 54ಕ್ಕೆ ಇಳಿಯಿತು. ಪೋಷಕರು ಕೋರ್ಟಿಗೆ ಹೋದರು. 2024ರ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಕೇಸನ್ನು ಕೈಗೆತ್ತಿಕೊಳ್ಳಲಿಲ್ಲ, ಹಾಗಾಗಿ ಹೊಸ ಪದ್ಧತಿ ಉಳಿಯಿತು.

ನಾವು ಹೇಳದೇ ಬಿಡುವ ಲೆಕ್ಕ ಇನ್ನೊಂದಿದೆ. ಮೊದಲು ಬಡ ಮನೆಯ ಮಕ್ಕಳು ನೂರಕ್ಕೆ ಒಬ್ಬರೂ ಇರಲಿಲ್ಲ. ಹೊಸ ಪದ್ಧತಿಯಲ್ಲಿ ನೂರಕ್ಕೆ 25 ಜನ ಬಂದರು. ಬಡ ಏಷ್ಯನ್ ಮಕ್ಕಳಲ್ಲಿ 2020ರಲ್ಲಿ ಸೀಟು ಸಿಕ್ಕಿದ್ದು ಒಬ್ಬರಿಗೆ, ಮರುವರ್ಷ 51 ಮಕ್ಕಳಿಗೆ. ಅವರೂ ‘ನಮ್ಮ ಮಕ್ಕಳೇ’ ಅಲ್ವಾ?

ಭಯ ನನಗೂ ಅರ್ಥವಾಗುತ್ತದೆ. ನಮ್ಮಲ್ಲಿ ಹೆಚ್ಚಿನವರನ್ನು ಅಮೆರಿಕಕ್ಕೆ ತಂದದ್ದೇ ಸಿಇಟಿ ರ‍್ಯಾಂಕು. ಪರೀಕ್ಷೆ ಬಿಟ್ಟರೆ ನಮಗೆ ಬೇರೆ ಏಣಿ ಇರಲಿಲ್ಲ. ಆದರೆ ನಮ್ಮ ಮಕ್ಕಳ ಸ್ಥಿತಿ ಅದಲ್ಲ. ನನ್ನ ಮಗಳಿಗೆ ಏಳನೇ ತರಗತಿಯಲ್ಲೇ ಶನಿವಾರ ಒಂದು, ಭಾನುವಾರ ಒಂದು ಕ್ಲಾಸು. ಕರೆದುಕೊಂಡು ಹೋಗಲು ಕಾರಿದೆ, ಕಾಯಲು ನನಗೆ ಬಿಡುವಿದೆ. ಅಮ್ಮ ಎರಡು ಕಡೆ ದುಡಿಯುವ ಮನೆಯ ಮಗು ಇದೆಲ್ಲ ಇಲ್ಲದೆ ಅವಳ ಜೊತೆ ಸಮಸಮ ಓಡಬೇಕು.

ಕನ್ನಡಿಗರಿಗೆ ಈ ಜಗಳ ಹೊಸದೂ ಅಲ್ಲ. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಬಗ್ಗೆ 1918ರಲ್ಲಿ ಮೈಸೂರಿನಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಪ್ರತಿಭೆಗೆ ಪೆಟ್ಟು ಬೀಳುತ್ತದೆ ಎಂಬ ಆತಂಕದಿಂದ ಸರ್ ಎಂ.ವಿ. ಅದನ್ನು ಒಪ್ಪಲಿಲ್ಲ, ದಿವಾನಗಿರಿಯನ್ನೇ ಬಿಟ್ಟರು. ಅವರ ಮೇಲೆ ನನಗೆ ಅಪಾರ ಗೌರವ. ಆದರೂ ಈ ವಿಷಯದಲ್ಲಿ ಪಾಲು ಕೊಡಬೇಕೆಂದ ಮಹಾರಾಜ ನಾಲ್ವಡಿಯವರೇ ಸರಿ. 1921ರಲ್ಲಿ ಆದೇಶ ಹೊರಟಿತು. ಅದರಿಂದ ಮೈಸೂರು ಹಿಂದೆ ಬೀಳಲಿಲ್ಲ, ಅಲ್ಲಿಯವರೆಗೆ ಹೊರಗೆ ನಿಂತಿದ್ದ ಮನೆಗಳಿಗೆ ಬಾಗಿಲು ತೆರೆಯಿತು.

ನನಗೆ ನಿಜಕ್ಕೂ ನೋವಾದದ್ದು ಕಳೆದ ತಿಂಗಳು. ಗೆಳತಿಗೆ ಒಳ್ಳೆಯ ಶಾಲೆಯಲ್ಲಿ ಸೀಟು ಸಿಕ್ಕಿತು ಅಂದಾಗ ಮಗಳು ಕೇಳಿದಳು: ‘ಅವಳಿಗೆ ಸುಮ್ನೆ ಕೊಟ್ಟರಾ, ಅಪ್ಪಾ?’ ಈ ಮಾತು ಅವಳಿಗೆ ಶಾಲೆಯಲ್ಲಿ ಸಿಕ್ಕಿದ್ದಲ್ಲ. ಊಟಕ್ಕೆ ಕೂತಾಗ ನಾವೇ ಆಡಿದ್ದು. ಆ ರಾತ್ರಿ ಅವಳನ್ನು ಕೂರಿಸಿಕೊಂಡು ಒಂದರಿಂದ 51 ಆದ ಲೆಕ್ಕ ಹೇಳಿದೆ. ‘ಹಾಗಾದರೆ ಮೊದಲೂ ಆ ಮಕ್ಕಳು ಜಾಣರೇ ಇದ್ದರಲ್ಲಾ’ ಅಂದಳು.

ಭಾನುವಾರದ ಕ್ಲಾಸು ಬಿಡಿಸಿದ್ದೇವೆ. ಶನಿವಾರದ್ದನ್ನು ಅವಳೇ ಕೇಳಿ ಉಳಿಸಿಕೊಂಡಿದ್ದಾಳೆ. ಗಣಿತ ಅವಳಿಗೆ ಇಷ್ಟ.