ಬಳ್ಳಿಗುಲಾಬಿಯ ತುದಿಯಲ್ಲಷ್ಟೇ ಹೂವು: ಕತ್ತರಿಸಬೇಕೇ, ಬಾಗಿಸಬೇಕೇ?

ಹಿತ್ತಲಗಿಡ (ಮೈಸೂರು):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಪೂರ್ವದ ಗೋಡೆಗೆ ಹಬ್ಬಿಸಲೆಂದು ನರ್ಸರಿಯಿಂದ ತಂದು ನೆಟ್ಟ ಬಿಳಿಯ ಕ್ಲೈಂಬಿಂಗ್ ಐಸ್‌ಬರ್ಗ್ ಗುಲಾಬಿ ಎರಡೇ ವರ್ಷಗಳಲ್ಲಿ ಹತ್ತು ಅಡಿ ದಾಟಿ ಸಜ್ಜಾವನ್ನು ಮುಟ್ಟಿದೆ. ಆದರೆ ಹೂವೆಲ್ಲ ಸಜ್ಜಾದ ಬಳಿಯೇ ಅರಳುತ್ತಿದ್ದು, ಕಣ್ಣಿನ ಮಟ್ಟದಲ್ಲಿ ಬರಿಯ ಬೋಳು ಕಾಂಡಗಳು ಕಾಣುತ್ತವೆ. ತೋಟದ ಕೆಲಸಕ್ಕೆ ಬರುವವರು, ದಸರಾ ಮುಗಿದ ಮೇಲೆ ಉಳಿದ ಗುಲಾಬಿಗಳಂತೆ ಇದನ್ನೂ ಮೊಣಕಾಲೆತ್ತರಕ್ಕೆ ಸವರಿಬಿಡೋಣ ಎನ್ನುತ್ತಿದ್ದಾರೆ. ಈಚೆಗೆ ಬುಡದಿಂದ ಎರಡು ದಪ್ಪ ಚಿಗುರುಗಳೂ ಎದ್ದಿವೆ. ಅವು ಒಳ್ಳೆಯವೋ, ಕಿತ್ತೆಸೆಯಬೇಕಾದ ಕಾಡು ಚಿಗುರುಗಳೋ ತಿಳಿಯದು. ಅನುಭವಿಗಳು ದಯವಿಟ್ಟು ತಿಳಿಸಿ.

ಕಸಿಕತ್ತರಿ (ಬೆಂಗಳೂರು):

ಮೊಣಕಾಲೆತ್ತರಕ್ಕೆ ಸವರಲು ಖಂಡಿತ ಒಪ್ಪಬೇಡಿ. ಜರ್ಮನಿಯ ಕೋರ್ಡೆಸ್ ಸಂಸ್ಥೆ 1958ರಲ್ಲಿ ಹೊರತಂದ ಐಸ್‌ಬರ್ಗ್ ಮೂಲತಃ ಪೊದೆಗುಲಾಬಿ. ಅದರಲ್ಲಿ ತಾನಾಗಿ ಕಾಣಿಸಿಕೊಂಡ ಉದ್ದ ಬೆಳೆಯುವ ರೆಂಬೆಯಿಂದ ಕಸಿ ಮಾಡಿ ಬೆಳೆಸಿದ್ದು ನಿಮ್ಮ ಗಿಡ. ಇಂತಹ ತಳಿಗಳನ್ನು ಎಳೆಯದಾಗಿರುವಾಗಲೇ ಗಿಡ್ಡವಾಗಿ ಕತ್ತರಿಸಿದರೆ ಕೆಲವೊಮ್ಮೆ ಹಬ್ಬುವ ಗುಣವನ್ನೇ ಬಿಟ್ಟು ಮತ್ತೆ ಪೊದೆಯಾಗಿಬಿಡುತ್ತವೆ. ಮೊದಲ ಎರಡು ವರ್ಷ ಒಣಗಿದ್ದು, ರೋಗ ತಗುಲಿದ್ದು ಬಿಟ್ಟು ಬೇರೇನನ್ನೂ ಕತ್ತರಿಸದಿರುವುದೇ ಲೇಸು.

ಹೂವು ತುದಿಯಲ್ಲಷ್ಟೇ ಬರುವುದಕ್ಕೆ ಕಾರಣ ರೆಂಬೆ ನೆಟ್ಟಗೆ ನಿಂತಿರುವುದು. ತುದಿಯ ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಕ್ಕೆ ಹರಿಯುತ್ತ, ಕೆಳಗಿನ ಕಣ್ಣುಗಳು ಒಡೆಯದಂತೆ ತಡೆಯುತ್ತದೆ. ಅದೇ ರೆಂಬೆಯನ್ನು ಅಡ್ಡಕ್ಕೆ ಬಾಗಿಸಿ ಕಟ್ಟಿದರೆ ತುದಿಯ ಹಿಡಿತ ಸಡಿಲವಾಗಿ, ಉದ್ದಕ್ಕೂ ಇರುವ ಕಣ್ಣುಗಳು ಒಡೆದು, ಒಂದೊಂದರಿಂದ ಗೇಣುದ್ದದ ಕವಲು ಹೊರಟು ಅದರ ತುದಿಯಲ್ಲಿ ಮೊಗ್ಗು ಕೂರುತ್ತದೆ. ಗೋಡೆಯ ತುಂಬ ಹೂವು ಬೇಕಿದ್ದರೆ ಮೊದಲು ಬೇಕಾದದ್ದು ಕತ್ತರಿಯಲ್ಲ, ತಂತಿ ಮತ್ತು ನಾರು.

ಗುಲಾಬಿಗೆ ಮೆಣಸಿನ ಬಳ್ಳಿಯಂತೆ ಅಂಟುಬೇರುಗಳಿಲ್ಲ, ಹಾಗಲಬಳ್ಳಿಯಂತೆ ಹಿಡಿಕುಡಿಗಳೂ ಇಲ್ಲ, ನಾವೇ ಕಟ್ಟಬೇಕು. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಮೊದಲ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ, ಅಲ್ಲಿಂದ ಮೇಲಕ್ಕೆ ಅಡಿಗೊಂದರಂತೆ ಉಳಿದವು, ಗೋಡೆಗೂ ತಂತಿಗೂ ನಡುವೆ ಮೂರು ಇಂಚು ಅಂತರ. ಕಟ್ಟಲು ಹೂವಾಡಗಿತ್ತಿಯರು ಮಾಲೆ ಕಟ್ಟುವ ಬಾಳೆನಾರನ್ನೇ ನೆನೆಸಿಕೊಂಡು ಬಳಸಿ. ತಂತಿಗೂ ರೆಂಬೆಗೂ ನಡುವೆ ನಾರು ಒಮ್ಮೆ ಅಡ್ಡಹಾಯ್ದು ಎಂಟರ ಅಂಕಿಯಂತೆ ಸುತ್ತಿಕೊಳ್ಳಬೇಕು ಮತ್ತು ಗಂಟಿನೊಳಗೆ ಕಿರುಬೆರಳು ತೂರುವಷ್ಟು ಸಡಿಲವಿರಬೇಕು. ಪ್ಲಾಸ್ಟಿಕ್ ದಾರ ವರ್ಷದೊಳಗೆ ತೊಗಟೆಯನ್ನು ಕೊರೆದುಬಿಡುತ್ತದೆ.

ಬುಡದ ಚಿಗುರುಗಳ ವಿಷಯ: ಒಂದು ತೊಟ್ಟಿನಲ್ಲಿ ಐದೆಲೆಯಿದ್ದರೆ ಒಳ್ಳೆಯದು, ಏಳೆಲೆಯಿದ್ದರೆ ಕಾಡು ಎಂಬ ಮಾತನ್ನು ನಂಬಬೇಡಿ, ಒಳ್ಳೆಯ ಬಳ್ಳಿಗುಲಾಬಿಗಳಲ್ಲೂ ಏಳೆಲೆ ಸಾಮಾನ್ಯ. ಮಣ್ಣು ಸರಿಸಿ ಕಸಿಯ ಗಂಟನ್ನು, ಅಂದರೆ ಕಾಡುಗುಲಾಬಿಯ ಬುಡಕ್ಕೆ ಒಳ್ಳೆಯ ತಳಿಯನ್ನು ಕೂಡಿಸಿದ ಉಬ್ಬನ್ನು ನೋಡಿ. ಗಂಟಿನ ಕೆಳಗಿಂದ ಹೊರಟಿದ್ದರೆ ಕತ್ತರಿಸದೆ ಬುಡಸಮೇತ ಕಿತ್ತು ತೆಗೆಯಿರಿ, ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಗಂಟಿನ ಮೇಲಿಂದ ಬಂದಿದ್ದರೆ ಅವೇ ನಿಮ್ಮ ಮುಂದಿನ ಗೋಡೆ.

ಮಲೆನಾಡ ಹಿತ್ತಲು (ತೀರ್ಥಹಳ್ಳಿ):

ಮೇಲಿನವರ ಮಾತು ಸರಿ, ಆದರೆ ಮೂರು ಇಂಚು ಅಂತರ ನಮ್ಮ ಕಡೆಯ ಮಳೆಗೆ ಸಾಲದು. ಗಾಳಿಯಾಡದೆ ಎಲೆ ಒದ್ದೆಯಾಗಿಯೇ ಉಳಿದರೆ ಕಪ್ಪುಚುಕ್ಕೆ ರೋಗ ಕೆಳಗಿನ ಎಲೆಗಳನ್ನೆಲ್ಲ ಉದುರಿಸುತ್ತದೆ, ಆದ್ದರಿಂದ ಐದಾರು ಇಂಚಾದರೂ ಬಿಡಬೇಕು. ರೆಂಬೆಯನ್ನು ತಂತಿಯ ಹಿಂದೆ ತೂರಿಸುವ ಚಟ ಅನೇಕರಿಗಿದೆ; ದಪ್ಪವಾದ ಮೇಲೆ ಬಿಡಿಸಲು ತಂತಿಯನ್ನೇ ಕಡಿಯಬೇಕಾಗುತ್ತದೆ. ಯಾವಾಗಲೂ ತಂತಿಯ ಮುಂದೆಯೇ ಕಟ್ಟಿ. ಮಳೆ ಪೂರ್ತಿ ಹಿಂದೆಗೆಯುವ ಮೊದಲು ಕತ್ತರಿ ಹಾಕಬೇಡಿ, ಹಾಕಿದ ಗಾಯಗಳಿಗೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಹಚ್ಚಿ. ಇಲ್ಲದಿದ್ದರೆ ತುದಿಯಿಂದ ಕೆಳಕ್ಕೆ ಕಪ್ಪಾಗಿ ಒಣಗುತ್ತ ಬರುವ ರೋಗ ಹಿಡಿಯುತ್ತದೆ.

ಹಿತ್ತಲಗಿಡ (ಮೈಸೂರು):

ಇಬ್ಬರಿಗೂ ಧನ್ಯವಾದಗಳು. ಮಣ್ಣು ಸರಿಸಿ ನೋಡಿದೆ, ಎರಡೂ ಚಿಗುರುಗಳು ಗಂಟಿನ ಮೇಲಿಂದಲೇ ಹೊರಟಿವೆ. ಹಳೆಯ ಕಾಂಡಗಳು ಹೆಬ್ಬೆರಳಿಗಿಂತ ದಪ್ಪವಾಗಿದ್ದು ಬಾಗುತ್ತಿಲ್ಲ. ಅವನ್ನೀಗಲೇ ತೆಗೆದುಬಿಡಬಹುದೇ?

ಕಸಿಕತ್ತರಿ (ಬೆಂಗಳೂರು):

ಈಗ ಬೇಡ, ಬಲವಂತವಾಗಿ ಬಾಗಿಸಲೂ ಬೇಡ. ದಪ್ಪ ಕಾಂಡ ಬುಡದಲ್ಲಿ ಸೀಳುತ್ತದೆ. ಹೊಸ ಚಿಗುರುಗಳು ನಾಲ್ಕೈದು ಅಡಿ ಬೆಳೆದು, ಹಸಿರಾಗಿ ಬಳುಕುವಂತಿರುವಾಗಲೇ ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಬೀಸಣಿಗೆಯಂತೆ ಹರಡಿ, ವಾರಕ್ಕೆ ಒಂದಿಷ್ಟರಂತೆ ಇಳಿಸುತ್ತ ಕೆಳಗಿನ ತಂತಿಗಳಿಗೆ ಕಟ್ಟಿ. ಅವುಗಳ ತುದಿ ಚಿವುಟಬೇಡಿ. ಅಕ್ಟೋಬರ್‌ನಲ್ಲಿ ಹಳೆಯ ಕಾಂಡಗಳ ಹೂಬಿಟ್ಟ ಅಡ್ಡಕವಲುಗಳನ್ನು ಮಾತ್ರ ಎರಡು ಮೂರು ಕಣ್ಣು ಉಳಿಸಿ, ಹೊರಮುಖದ ಕಣ್ಣಿನ ಕಾಲಿಂಚು ಮೇಲೆ ಓರೆಯಾಗಿ ಸವರಿದರೆ ಸುಮಾರು ಆರೇಳು ವಾರಗಳಲ್ಲಿ ಮತ್ತೆ ಹೂವು ಬರುತ್ತದೆ. ಹೊಸ ರೆಂಬೆಗಳು ಗೋಡೆಯ ಕೆಳಭಾಗವನ್ನು ತುಂಬಿದ ಮೇಲೆ ವರ್ಷಕ್ಕೊಂದರಂತೆ ಹಳೆಯ ಕಾಂಡವನ್ನು ಬುಡದಲ್ಲೇ ಗರಗಸದಿಂದ ಕೊಯ್ಯಿರಿ. ಇಡಿಯಾಗಿ ಎಳೆದರೆ ಪಕ್ಕದ ಚಿಗುರುಗಳು ಮುರಿಯುತ್ತವೆ, ಮೇಲಿನಿಂದ ತುಂಡುತುಂಡಾಗಿ ಬಿಡಿಸಿಕೊಳ್ಳುವಂತೆ ಕೆಲಸದವರಿಗೆ ಹೇಳಿ.