12 ತೆಗೆದು 10 ಹಾಕಿದ ಮೇಲೆ ಗಿಟಾರ್ ಬಜ್ ಬರ್ತಿದೆ, ತಂತಿಯದ್ದೇ ತೊಂದರೆಯಾ?

ಮಲ್ಪೆ_ಸ್ಟ್ರಮ್ಮರ್:
ಎಲ್ಲರಿಗೂ ನಮಸ್ಕಾರ. ನನ್ನದು ದೊಡ್ಡ ಬಾಡಿಯ ಡ್ರೆಡ್‌ನಾಟ್ ಅಕೌಸ್ಟಿಕ್. ಕೊಂಡಾಗ 12-53 ತಂತಿ ಸೆಟ್ (ಅತಿ ತೆಳು ತಂತಿ 12, ಅತಿ ದಪ್ಪದ್ದು 53) ಇತ್ತು. ಬಾರ್ ಕಾರ್ಡ್ (ಒಂದೇ ಬೆರಳಲ್ಲಿ ಹಲವು ತಂತಿ ಒತ್ತುವ ಸ್ವರಗುಚ್ಛ) ಹಿಡಿದರೆ ಬೆರಳು ಉರಿಯುತ್ತಿತ್ತು. ತೆಳು ತಂತಿ ಹಾಕು ಅಂತ ಗೆಳೆಯರು ಹೇಳಿದರು, 10-47 ಹಾಕಿದೆ. ಬೆರಳಿಗೇನೋ ಆರಾಮ. ಆದರೆ ಈಗ ದಪ್ಪ ತಂತಿಗಳು ಜುಯ್ ಅನ್ನುತ್ತಿವೆ, ಜಿ ಕಾರ್ಡ್ ಹಿಡಿದರೆ ಜಾಸ್ತಿ. ಟ್ಯೂನಿಂಗ್ ಸರಿಯಾಗಿಯೇ ಇದೆ. ಸೆಟ್ ಡೂಪ್ಲಿಕೇಟ್ ಇರಬಹುದಾ? ಬೇರೆ ಕಂಪನಿಯದ್ದು ತರಿಸಲಾ?

ಫ್ರೆಟ್_ಮೇಸ್ತ್ರಿ:
ತರಿಸಬೇಡಿ, ದುಡ್ಡು ದಂಡ. ಮೊದಲು ಮೂರು ವಿಷಯ ಹೇಳಿ. ಮೂರನೇ ತಂತಿಗೆ ಸುತ್ತು ಇದೆಯಾ, ಇಲ್ಲ ಮೊದಲೆರಡರ ಹಾಗೆ ನುಣುಪಾಗಿದೆಯಾ? ದಪ್ಪ ತಂತಿಗಳ ಬಣ್ಣ ತಾಮ್ರದ್ದಾ, ಬೆಳ್ಳಿಯದ್ದಾ? ಬಜ್ ಯಾವ ಫ್ರೆಟ್‌ನಿಂದ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಯಾವ ಫ್ರೆಟ್‌ವರೆಗೆ?

ಮೊದಲೆರಡು ಪ್ರಶ್ನೆ ಯಾಕೆ ಅಂದರೆ, ಅಂಗಡಿಯಲ್ಲಿ ಸುಮ್ನೆ "10ರ ಸೆಟ್ ಕೊಡಿ" ಅಂದರೆ ಎಲೆಕ್ಟ್ರಿಕ್ ಗಿಟಾರಿನ 10-46 ಕೈಗೆ ಬರುವುದುಂಟು. ಅದರ ತುದಿಯಲ್ಲೂ ಅದೇ ಗುಂಡು ಇರುವುದರಿಂದ ಅಕೌಸ್ಟಿಕ್‌ಗೂ ಸಲೀಸಾಗಿ ಕೂರುತ್ತದೆ. ಆದರೆ ಅದು ಮ್ಯಾಗ್ನೆಟಿಕ್ ಪಿಕಪ್‌ಗೆ ಮಾಡಿದ ನಿಕ್ಕಲ್ ಸುತ್ತಿನ ತಂತಿ. ಮರದ ಡಬ್ಬಿಯ ಮೇಲೆ ದನಿ ಬಡವಾಗುತ್ತದೆ. ಪೊಟ್ಟಣದ ಮೇಲಿನ "ಲೈಟ್" ಪದವನ್ನೂ ನಂಬಬೇಡಿ. ಅಕೌಸ್ಟಿಕ್‌ನಲ್ಲಿ 12-53ಕ್ಕೇ ಲೈಟ್ ಅನ್ನುತ್ತಾರೆ. ನಂಬರ್ ನೋಡಿ ಕೊಳ್ಳಿ. 12 ಅಂದರೆ ಮೊದಲ ತಂತಿ ಇಂಚಿನ ಸಾವಿರ ಭಾಗದಲ್ಲಿ 12, ಅಂದರೆ 0.30 ಮಿ.ಮೀ. 10 ಅಂದರೆ 0.25 ಮಿ.ಮೀ.

ಮಲ್ಪೆ_ಸ್ಟ್ರಮ್ಮರ್:
ಮೂರನೆಯದಕ್ಕೆ ಸುತ್ತು ಇದೆ ಸರ್, ತಾಮ್ರದ ಬಣ್ಣವೇ. ಬಜ್ ಐದು ಮತ್ತು ಆರನೇ ತಂತಿಯಲ್ಲಿ, ಒಂದರಿಂದ ನಾಲ್ಕನೇ ಫ್ರೆಟ್‌ವರೆಗೆ. ಖಾಲಿ ತಂತಿ ಮೀಟಿದರೂ ಸ್ವಲ್ಪ ಇದೆ. ಏಳರ ಮೇಲೆ ಇಲ್ಲವೇ ಇಲ್ಲ.

ಫ್ರೆಟ್_ಮೇಸ್ತ್ರಿ:
ಹಾಗಾದರೆ ತಂತಿ ಅಸಲಿಯೇ. ಬಾಗಿರುವುದು ನೆಕ್, ಅಂದರೆ ಗಿಟಾರಿನ ಕತ್ತು.

12-53 ಸೆಟ್ಟನ್ನು ಟ್ಯೂನ್ ಮಾಡಿದಾಗ ಆರೂ ತಂತಿ ಸೇರಿ 70 ಕಿಲೋಗಿಂತ ಜಾಸ್ತಿ ಎಳೆಯುತ್ತವೆ. 10-47 ಆದರೆ 60ರ ಆಸುಪಾಸು. ನೆಕ್ ಒಳಗಿರುವ ಟ್ರಸ್ ರಾಡ್ (ನೆಕ್‌ನ ಬಾಗು ಸರಿಹೊಂದಿಸುವ ಲೋಹದ ಸರಳು) ಹಳೆಯ ಎಳೆತಕ್ಕೆ ಸರಿಯಾಗಿ ಬಿಗಿದಿತ್ತು. ಮುಂದಿನಿಂದ ಎಳೆಯುವ ಬಲ ಕಮ್ಮಿಯಾಯಿತು, ರಾಡ್ ಮಾತ್ರ ಅಷ್ಟೇ ಬಿಗಿಯಾಗಿದೆ. ನೆಕ್ ಹಿಂದಕ್ಕೆ ವಾಲಿ ನಡುವೆ ಉಬ್ಬಿತು, ತಂತಿ ಮೊದಲ ಫ್ರೆಟ್‌ಗಳಿಗೆ ತಾಗಲು ಶುರು. ತೆಳು ತಂತಿ ಅದುರುವಾಗ ಅಗಲ ಕೂಡ ಜಾಸ್ತಿ ಬೇಡುತ್ತದೆ, ಅದೊಂದು ಬೇರೆ.

ನೋಡುವುದು ಹೀಗೆ. ಟ್ಯೂನ್ ಮಾಡಿ, ಮೊದಲ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ನುಡಿಸುವ ಭಂಗಿಯಲ್ಲೇ ಹಿಡಿದು, ನೆಕ್ ಬಾಡಿಗೆ ಸೇರುವ ಕಡೆ ಆರನೇ ತಂತಿಯನ್ನು ಒತ್ತಿ. ಈಗ ಏಳನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಎಷ್ಟು ಸಂದಿ ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು, 0.2ರಿಂದ 0.3 ಮಿ.ಮೀ. ಇದ್ದರೆ ಸರಿ. ತಂತಿ ಫ್ರೆಟ್ ಮೇಲೇ ಮಲಗಿದ್ದರೆ ನನ್ನ ಮಾತು ನಿಜ.

ಮಲ್ಪೆ_ಸ್ಟ್ರಮ್ಮರ್:
ಮಲಗಿಬಿಟ್ಟಿದೆ. ಕಾರ್ಡ್ ಬಿಡಿ, ಪೇಪರ್ ಕೂಡ ಹೋಗುತ್ತಿಲ್ಲ.

ಫ್ರೆಟ್_ಮೇಸ್ತ್ರಿ:
ಸೌಂಡ್‌ಹೋಲ್ ಒಳಗೆ ಇಣುಕಿ. ನೆಕ್ ಬುಡದಲ್ಲಿ ರಾಡಿನ ತಲೆ ಕಾಣುತ್ತದೆ. ಕೆಲವು ಗಿಟಾರ್‌ಗಳಲ್ಲಿ ಹೆಡ್‌ಸ್ಟಾಕ್‌ನ (ನೆಕ್ ತುದಿಯಲ್ಲಿ ಟ್ಯೂನಿಂಗ್ ಬಿರಡೆಗಳಿರುವ ಭಾಗ) ಸಣ್ಣ ಮುಚ್ಚಳದ ಕೆಳಗಿರುತ್ತದೆ. ಪೂರ್ತಿ ಒಳಗೆ ಕೂರುವ ಅಲೆನ್ ಕೀ ತೊಗೊಳ್ಳಿ. ಸಡಿಲ ಇರುವ ಕೀ ಹಾಕಿ ತಿರುಗಿಸಿದರೆ ತಲೆ ಉರುಟಾಗಿ ಆಮೇಲೆ ಯಾರ ಕೈಗೂ ಬರಲ್ಲ. ರಾಡಿನ ತಲೆಗೆ ನೀವು ಎದುರಾಗಿದ್ದು, ಗಡಿಯಾರದ ಉಲ್ಟಾ ದಿಕ್ಕಿಗೆ ಎಂಟನೇ ಒಂದು ಸುತ್ತು, ಹೆಚ್ಚೆಂದರೆ ಕಾಲು ಸುತ್ತು. ಮತ್ತೆ ಟ್ಯೂನ್ ಮಾಡಿ, ಮತ್ತೆ ಕಾರ್ಡ್ ತೂರಿಸಿ ನೋಡಿ. ಮರ ನಿಧಾನಕ್ಕೆ ಒಗ್ಗುತ್ತದೆ, ಮಾರನೇ ದಿನ ಇನ್ನೊಮ್ಮೆ ಅಳೆಯಿರಿ. ಕೀ ಬಿಗಿಯಾಗಿ ಕಿರಗುಟ್ಟಿದರೆ ಜೋರು ಮಾಡಬೇಡಿ, ರಿಪೇರಿಯವರಿಗೆ ಕೊಡಿ.

ಇನ್ನೊಂದು ಮಾತು. ನಿಮ್ಮ ಬೆರಳು ನೋವಿಗೆ 12ರ ತಂತಿ ಒಂದೇ ಕಾರಣ ಅಂತ ನನಗೆ ಅನಿಸುವುದಿಲ್ಲ. 12ನೇ ಫ್ರೆಟ್ ಮೇಲೆ ಆರನೇ ತಂತಿ ಎಷ್ಟು ಎತ್ತರದಲ್ಲಿದೆ ಅಳೆದಿದ್ದೀರಾ? 2.5 ಮಿ.ಮೀ. ಆಸುಪಾಸು ಇರಬೇಕು. ಅಗ್ಗದ ಗಿಟಾರ್‌ಗಳು 3 ದಾಟಿರುವುದೇ ಜಾಸ್ತಿ. ಹಾಗಿದ್ದರೆ ಸ್ಯಾಡಲ್‌ನ (ಬಾಡಿಯ ಮೇಲೆ ತಂತಿಗಳು ಕೂರುವ ಸಣ್ಣ ಪಟ್ಟಿ) ಅಡಿಭಾಗ ಉಜ್ಜಿ ಇಳಿಸಬೇಕು. 12ನೇ ಫ್ರೆಟ್‌ನಲ್ಲಿ ಅರ್ಧ ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಒಂದು ಮಿ.ಮೀ. ಹೋಗಬೇಕು. ನೆಕ್ ಸರಿಯಾದ ಮೇಲೆ ಮಾತ್ರ ಇದಕ್ಕೆ ಕೈಹಾಕಿ. ಉಜ್ಜಿದ್ದು ವಾಪಸ್ ಬರಲ್ಲ.

ಅಮ್ಮನ_ಪ್ರಶ್ನೆ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಮಗಳ ಗಿಟಾರಿನಲ್ಲಿ ಪ್ಲಾಸ್ಟಿಕ್ ಥರದ ತಂತಿ ಇದೆ. ಸ್ಟೀಲ್ ಹಾಕಿಸಿ, ಸೌಂಡ್ ಜೋರು ಬರುತ್ತೆ ಅಂತ ಅಂಗಡಿಯವರು ಹೇಳಿದರು. ನೀವು ಹೇಳುವ 10-47 ಹಾಕಬಹುದಾ?

ಫ್ರೆಟ್_ಮೇಸ್ತ್ರಿ:
ಬೇಡ ಮೇಡಂ, ಖಂಡಿತ ಬೇಡ. ಬ್ರಿಡ್ಜ್‌ನಲ್ಲಿ (ಬಾಡಿಯ ಮೇಲೆ ತಂತಿ ಸಿಕ್ಕಿಸುವ ಮರದ ತುಂಡು) ತಂತಿಯನ್ನು ಗಂಟು ಹಾಕಿ ಕಟ್ಟಿದ್ದಾರಾ? ಹೆಡ್‌ಸ್ಟಾಕ್‌ನಲ್ಲಿ ಉದ್ದಕ್ಕೆ ಎರಡು ಕಿಂಡಿ ಇದೆಯಾ? ಇದ್ದರೆ ಅದು ಕ್ಲಾಸಿಕಲ್ ಗಿಟಾರ್. ನೈಲಾನ್ ಸೆಟ್ 40 ಕಿಲೋ ಆಸುಪಾಸು ಎಳೆಯುತ್ತದೆ, ಮೇಲಿನ ಹಲಗೆ ಅಷ್ಟಕ್ಕೇ ಮಾಡಿದ್ದು. ಹೆಚ್ಚಿನವಕ್ಕೆ ಟ್ರಸ್ ರಾಡ್ ಕೂಡ ಇರುವುದಿಲ್ಲ. ಸ್ಟೀಲ್ ಹಾಕಿದರೆ ಮೊದಲ ವಾರ ಜೋರಾಗಿಯೇ ಕೇಳುತ್ತದೆ. ಆಮೇಲೆ ಹಲಗೆ ಉಬ್ಬಿ, ಬ್ರಿಡ್ಜ್ ಹಿಂಭಾಗ ಮೇಲೇಳುತ್ತದೆ. ಅಂಥವು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ.

ನಾರ್ಮಲ್ ಟೆನ್ಷನ್ ನೈಲಾನ್ ಸೆಟ್ ತನ್ನಿ. ಕಟ್ಟುವಾಗ ಮೂರು ಲೋಹದ ಸುತ್ತಿನ ತಂತಿಗಳಿಗೆ ಒಂದು ಸುತ್ತು ಸಾಕು. ನುಣುಪಾದ ಮೂರಕ್ಕೆ, ಅದರಲ್ಲೂ ಮೊದಲನೆಯದಕ್ಕೆ, ಎರಡು ಮೂರು ಸುತ್ತು ಹಾಕಿ. ಕೊನೆಯ ಸುತ್ತು ಬ್ರಿಡ್ಜ್‌ನ ಹಿಂದಿನ ಅಂಚು ದಾಟಿ ಕೆಳಗೆ ಸಿಕ್ಕಿಕೊಳ್ಳಬೇಕು. ಇಲ್ಲದಿದ್ದರೆ ಟ್ಯೂನ್ ಮಾಡುವಾಗ ಜಾರಿ, ತಂತಿಯ ತುದಿ ಹಲಗೆಗೆ ಹೊಡೆದು ಗಾಯ ಮಾಡುತ್ತದೆ. ಹೊಸ ನೈಲಾನ್ ಕೆಲವು ದಿನ ಶ್ರುತಿ ಇಳಿಯುತ್ತಲೇ ಇರುತ್ತದೆ. ತಂತಿ ಕೆಟ್ಟಿದೆ ಅಂತ ಮಗಳು ಅಂದುಕೊಳ್ಳದಿರಲಿ.

ಅಮ್ಮನ_ಪ್ರಶ್ನೆ:
ಕಿಂಡಿಯೂ ಇದೆ, ಗಂಟೂ ಇದೆ. ಸದ್ಯ, ಕೇಳಿದ್ದು ಒಳ್ಳೆಯದಾಯಿತು. ಥ್ಯಾಂಕ್ಸ್ ಸರ್.

ಮಲ್ಪೆ_ಸ್ಟ್ರಮ್ಮರ್:
ಸರ್, ಎರಡು ಸಲ ಸ್ವಲ್ಪ ಸ್ವಲ್ಪ ಸಡಿಲಿಸಿದೆ, ವಿಸಿಟಿಂಗ್ ಕಾರ್ಡ್ ನುಸುಳುತ್ತಿದೆ. ಜಿ ಕಾರ್ಡ್ ಕ್ಲೀನ್! ಆರನೇ ತಂತಿ ಖಾಲಿ ಹೊಡೆದಾಗ ಮಾತ್ರ ಒಂಚೂರು ಬಜ್ ಉಳಿದಿದೆ, ಅದೂ ಜೋರಾಗಿ ಹೊಡೆದರೆ. 12ನೇ ಫ್ರೆಟ್ ಎತ್ತರ ಅಳೆದೆ, 3.2 ಇದೆ. ಇನ್ನೊಂದು: ಸಮುದ್ರದ ಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಕೋಟೆಡ್ (ಲೇಪ ಇರುವ ತಂತಿ) ತರಿಸಲಾ?

ಫ್ರೆಟ್_ಮೇಸ್ತ್ರಿ:
3.2 ಅಂದರೆ ನಿಮ್ಮ ನೋವಿಗೆ ಅದೇ ಕಾರಣ. ಸ್ಯಾಡಲ್ ಇಳಿಸಿದರೆ 11-52 ಕೂಡ ಆರಾಮಾಗಿ ಹಿಡಿಯಬಹುದು. ಡ್ರೆಡ್‌ನಾಟ್‌ಗೆ ನಾನು 10 ಹಾಕುವುದಿಲ್ಲ, ಅಷ್ಟು ದೊಡ್ಡ ಬಾಡಿ ಇಟ್ಟುಕೊಂಡು ಬಾಸ್ ಕಳೆದುಕೊಳ್ಳುವುದು ಯಾಕೆ? ಖಾಲಿ ತಂತಿಯ ಬಜ್ ಮಾತ್ರ ಉಳಿದಿದ್ದರೆ ನಟ್‌ನ (ಹೆಡ್‌ಸ್ಟಾಕ್ ಬಳಿ ತಂತಿಗಳು ಹಾಯುವ ಪಟ್ಟಿ) ಗೀರು ಹಳೆಯ ದಪ್ಪ ತಂತಿಗೆ ಕೊರೆದದ್ದು, 47ರ ತಂತಿ ಅದರಲ್ಲಿ ಸಡಿಲವಾಗಿ ಕೂತಿರಬಹುದು. 52 ಹಾಕಿದಾಗ ಅದೂ ಹೋಗಬಹುದು, ಈಗ ನಟ್ ಮುಟ್ಟಬೇಡಿ.

ಕರಾವಳಿಯಲ್ಲಿದ್ದರೆ ಕೋಟೆಡ್ ದುಡ್ಡಿಗೆ ಮೋಸವಿಲ್ಲ. ಬೆಲೆ ಜಾಸ್ತಿ, ಬಾಳಿಕೆಯೂ ಜಾಸ್ತಿ. ಫಾಸ್ಫರ್ ಬ್ರಾಂಜ್ ಸುತ್ತಿನದ್ದು ತೊಗೊಳ್ಳಿ, 80/20 ಬ್ರಾಂಜ್‌ಗಿಂತ (80% ತಾಮ್ರ, 20% ಸತು) ದನಿ ತುಸು ಮೆದು. ಯಾವುದನ್ನೇ ಹಾಕಿದರೂ ನುಡಿಸಿದ ಮೇಲೆ ಒಣ ಕಾಟನ್ ಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಒರೆಸಿ, ಬೆವರು ನಿಲ್ಲುವುದು ಅಲ್ಲೇ. 11 ಹಾಕಿದ ದಿನ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ. ಸಂದಿ ಜಾಸ್ತಿಯಾಗಿದ್ದರೆ ಈಗ ಸಡಿಲಿಸಿದ್ದರಲ್ಲಿ ಅರ್ಧದಷ್ಟನ್ನು ವಾಪಸ್ ಬಿಗಿಯಬೇಕಾಗುತ್ತದೆ.