ಸಹಾಯ ಬೇಕು: ಡಿಸೈನರ್ ಇಲ್ಲದ ತಂಡದಲ್ಲಿ ಪರದೆಗಳ ಏಕರೂಪತೆ

ಸದಸ್ಯರೆಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ನಮ್ಮ ಸಣ್ಣ ಸಾಫ್ಟ್‌ವೇರ್ ತಂಡದಲ್ಲಿ ಡಿಸೈನರ್ ಇಲ್ಲದ ಕಾರಣ, ಎಪಿಎಂಸಿ ವರ್ತಕರ ಲೆಕ್ಕಪತ್ರಕ್ಕಾಗಿ ರೂಪಿಸುತ್ತಿರುವ ಆ್ಯಪ್‌ನ ಪರದೆಗಳನ್ನು ಡೆವಲಪರ್‌ಗಳೂ ಟೆಸ್ಟರ್‌ಗಳೂ ತಾವೇ ಫಿಗ್ಮಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ರಚಿಸುತ್ತಿದ್ದು, ಒಬ್ಬರ ಬಟನ್ ಇನ್ನೊಬ್ಬರದನ್ನು ಹೋಲುವುದಿಲ್ಲ. ಎಲ್ಲರೂ ಬಳಸುವ ಲೈಬ್ರರಿಯಲ್ಲಿ ಬಟನ್‌ನಂಥ ಮರುಬಳಕೆಯ ಬಿಡಿಭಾಗಗಳಾದ ಕಾಂಪೊನೆಂಟ್‌ಗಳನ್ನಿಟ್ಟು, ಅಂತರಗಳನ್ನು 8 ಪಿಕ್ಸೆಲ್‌ಗಳ ಗುಣಕಗಳಿಗೆ ಸೀಮಿತಗೊಳಿಸಿದ್ದರೂ, ಅವಸರದಲ್ಲಿ ಕಾಂಪೊನೆಂಟನ್ನು ಡಿಟ್ಯಾಚ್ ಮಾಡಿ, ಅಂದರೆ ಲೈಬ್ರರಿಯ ಮೂಲದಿಂದ ಬೇರ್ಪಡಿಸಿ, ತಿದ್ದುವ ಅಭ್ಯಾಸ ನಿಂತಿಲ್ಲ (ನಿಯಮಗಳ ಕಡತವನ್ನು ಯಾರೂ ತೆರೆಯುವುದಿಲ್ಲವೆಂದು ನನ್ನ ಗುಮಾನಿ). ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗಿಳಿಯುವುದರಿಂದ, ಇಂಗ್ಲಿಷ್ ಪದಕ್ಕೆಂದು ಅಳೆದ ಬಟನ್‌ಗಳಲ್ಲಿ ಅವು ಅರ್ಧಕ್ಕೇ ಕತ್ತರಿಸಿ ಕಾಣುವುದು ಇನ್ನೂ ದೊಡ್ಡ ತೊಡಕಾಗಿದೆ. ಇಂಥ ತಂಡಕ್ಕೆ ಬಿಡಿ ಕಾಂಪೊನೆಂಟ್‌ಗಳಿಗಿಂತ ಪಟ್ಟಿ, ಅರ್ಜಿ, ರಸೀದಿಗಳಂಥ ಇಡೀ ಪುಟಗಳ ಟೆಂಪ್ಲೇಟ್ ಕೊಡುವುದೇ ಮೇಲೆಂದು ನನಗನಿಸುತ್ತದೆ. ಅನುಭವವುಳ್ಳವರು ಇದು ಸರಿಯೇ ಎಂದೂ, ನೋಟೊ ಸಾನ್ಸ್ ಕನ್ನಡ ಫಾಂಟಿಗೆ ಸಾಲಿನ ಎತ್ತರವನ್ನು ಎಷ್ಟು ಇಡುತ್ತೀರೆಂದೂ ದಯವಿಟ್ಟು ತಿಳಿಸಬೇಕು.